ಭಾನುವಾರ ಕಾಡಿಗೆ ಹೋಗಿ, ಅಮ್ಮನನ್ನೂ ಕರೆದುಕೊಂಡು ಹೋಗಿ



ಹಿಂದಿನ ಕಂತಿನಲ್ಲಿ ಮಂಡಿ ನೋವಿನ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಸೂರತ್ತಿನ ಸೋದರಿಯೊಬ್ಬರು ಕೇಳಿದರು: "ದಿನಾ ನಡೆಯಿರಿ ಅಂತ ಸುಲಭವಾಗಿ ಬರೀತೀರಿ. ನಮ್ಮತ್ತೆ ಏಳನೇ ಮಹಡಿಯಿಂದ ಇಳಿಯೋದೇ ಇಲ್ಲ. ಇಳಿದರೆ ಭಾಷೆ ಬರಲ್ಲ, ಗುರುತಿನವರಿಲ್ಲ, ಪಾರ್ಕಿಂಗ್ ಬಿಟ್ಟರೆ ಬೇರೆ ಜಾಗ ಇಲ್ಲ. ಎಲ್ಲಿ ನಡೆಸೋದು?"

ಪ್ರಶ್ನೆ ನ್ಯಾಯವಾದದ್ದು. ಅಹಮದಾಬಾದ್, ವಡೋದರಾ, ಸೂರತ್ತಿನಲ್ಲಿರುವ ನಮ್ಮ ಮನೆಗಳ ಕಥೆ ಹೆಚ್ಚುಕಡಿಮೆ ಇದೇ. ಗಂಡಸರು ಫ್ಯಾಕ್ಟರಿ, ಆಫೀಸು, ಹೋಟೆಲ್ಲು ಎಂದು ಹೊರಗೆ ಹೋಗುತ್ತಾರೆ. ಮಕ್ಕಳು ಶಾಲೆ, ಟ್ಯೂಷನ್, ಆಮೇಲೆ ಮೊಬೈಲ್. ಊರಿನಿಂದ ಕರೆತಂದ ಅಮ್ಮನೋ ಅತ್ತೆಯೋ ಟಿವಿ ಮುಂದೆ ಕೂರುತ್ತಾರೆ. ಊರಲ್ಲಿ ಹೊಲ, ಹಿತ್ತಲು, ಗುಡಿ ಎಂದು ತಿರುಗಾಡಿಕೊಂಡಿದ್ದ ಕಾಲುಗಳು ಇಲ್ಲಿಗೆ ಬಂದ ಎರಡೇ ವರ್ಷದಲ್ಲಿ ಸೋಲುತ್ತವೆ. ಆಗ ನಾವು "ವಯಸ್ಸಾಯಿತು" ಅನ್ನುತ್ತೇವೆ.

ಈ ಮೂರೂ ನಗರಗಳಿಂದ ಎರಡು ಮೂರು ಗಂಟೆಯ ದಾರಿಯಲ್ಲಿ ಒಳ್ಳೆಯ ಕಾಡುಗಳಿವೆ. ನಮ್ಮವರಲ್ಲಿ ಹೆಚ್ಚಿನವರು ಸಾಪುತಾರಾಕ್ಕೆ ಹೋಗಿ ಫೋಟೊ ಹೊಡೆದು, ಮ್ಯಾಗಿ ತಿಂದು ಬಂದಿರುತ್ತಾರೆ. ಹೋಗುವ ದಾರಿಯಲ್ಲೇ ಒಂದು ರಾಷ್ಟ್ರೀಯ ಉದ್ಯಾನ ಸಿಗುತ್ತದೆ, ಅಲ್ಲಿ ಗಾಡಿ ನಿಲ್ಲಿಸಿದವರು ಕಡಿಮೆ. ಇವತ್ತು ಆ ಕಾಡುಗಳ ಬಗ್ಗೆ, ಅಲ್ಲಿ ಏನು ಮಾಡಬಹುದು, ಏನು ಮಾಡಬಾರದು ಎನ್ನುವುದರ ಬಗ್ಗೆ ಬರೆಯುತ್ತೇನೆ. ಕಂತು ಸ್ವಲ್ಪ ಉದ್ದವಾಗಿದೆ. ಚಹಾ ಇಟ್ಟುಕೊಂಡು ಓದಿ.

*ಕಾಡಿನಿಂದ ನಿಜವಾಗಿ ಏನು ಲಾಭ?*

ಕಾಡಿನ ಗಾಳಿಗೆ ಕ್ಯಾನ್ಸರ್ ಗುಣವಾಗುತ್ತದೆ, ಸಕ್ಕರೆ ಕಾಯಿಲೆ ಮಾಯವಾಗುತ್ತದೆ ಎಂಬ ಸಂದೇಶಗಳು ನಿಮಗೂ ಬಂದಿರಬಹುದು. ನಂಬಬೇಡಿ, ಮುಂದೆ ಕಳಿಸಲೂ ಬೇಡಿ. ತಿಳಿದಿರುವ ವಿಷಯ ಅದಕ್ಕಿಂತ ಚಿಕ್ಕದು, ಆದರೆ ಗಟ್ಟಿ.

ಜಪಾನಿನ ಅರಣ್ಯ ಇಲಾಖೆ 1982ರಲ್ಲಿ "ಶಿನ್ರಿನ್ ಯೋಕು" ಎಂಬ ಮಾತನ್ನು ಬಳಕೆಗೆ ತಂದಿತು. ಕಾಡಿನ ಸ್ನಾನ ಎಂದು ಅರ್ಥ. ನೀರಿನ ಸ್ನಾನ ಅಲ್ಲ, ಮರಗಳ ನಡುವೆ ಅವಸರವಿಲ್ಲದೆ ಅಡ್ಡಾಡುವುದು. ಆಮೇಲೆ ನಡೆದ ಅಧ್ಯಯನಗಳಲ್ಲಿ, ಪೇಟೆಯಲ್ಲಿ ನಡೆದವರಿಗಿಂತ ಕಾಡಿನಲ್ಲಿ ನಡೆದವರ ನಾಡಿ ಬಡಿತ ಮತ್ತು ರಕ್ತದೊತ್ತಡ ಸ್ವಲ್ಪ ತಗ್ಗಿದ್ದು ಕಂಡಿದೆ. ಸ್ವಲ್ಪ ಮಾತ್ರ. ಬಿಪಿ ಮಾತ್ರೆ ಬಿಡುವಷ್ಟು ಅಲ್ಲ.

ಇನ್ನೊಂದು ಅಧ್ಯಯನ 1984ರದು, ಅಮೆರಿಕದ ರೋಜರ್ ಉಲ್ರಿಚ್ ಎಂಬವರದು. ಪಿತ್ತಕೋಶದ ಆಪರೇಷನ್ ಆದ ರೋಗಿಗಳಲ್ಲಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಹೋದರು, ಅವರಿಗೆ ನೋವಿನ ಮದ್ದು ಕಡಿಮೆ ಸಾಕಾಯಿತು. ಏಳನೇ ಮಹಡಿಯ ಅತ್ತೆಯ ಕಿಟಕಿಯಿಂದ ಏನು ಕಾಣುತ್ತದೆ, ಒಮ್ಮೆ ನೋಡಿ.

ಮಕ್ಕಳ ವಿಷಯದಲ್ಲಿ ಸಾಕ್ಷ್ಯ ಇನ್ನೂ ಸ್ಪಷ್ಟ. ಚೀನಾದ ಗುವಾಂಗ್‌ಝೌ ನಗರದಲ್ಲಿ ಕೆಲವು ಶಾಲೆಗಳ ಒಂದನೇ ತರಗತಿ ಮಕ್ಕಳನ್ನು ದಿನಕ್ಕೆ 40 ನಿಮಿಷ ಹೆಚ್ಚಾಗಿ ಹೊರಗೆ ಬಿಟ್ಟರು. ಮೂರು ವರ್ಷದ ನಂತರ ಆ ಮಕ್ಕಳಲ್ಲಿ ಸುಮಾರು 30 ಶೇಕಡಾ ಮಂದಿಗೆ ಸಮೀಪದೃಷ್ಟಿ ಬಂದಿತ್ತು, ಉಳಿದ ಶಾಲೆಗಳಲ್ಲಿ ಸುಮಾರು 40 ಶೇಕಡಾ. 2015ರಲ್ಲಿ ಪ್ರಕಟವಾದ ಲೆಕ್ಕ ಇದು. ಕನ್ನಡಕದ ನಂಬರ್ ಏರುತ್ತಿದೆ ಎಂದು ಮೊಬೈಲನ್ನು ಬೈಯುವುದರ ಜೊತೆಗೆ ಮಗುವನ್ನು ಹಗಲು ಬೆಳಕಿಗೂ ಬಿಡಬೇಕು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆ ಬೇಕು, ಮಕ್ಕಳಿಗೆ ದಿನಕ್ಕೆ 60 ನಿಮಿಷ ಓಡಾಟ ಬೇಕು. ತಿಂಗಳಿಗೊಮ್ಮೆ ಕಾಡಿಗೆ ಹೋದರೆ ಈ ಲೆಕ್ಕ ತುಂಬುವುದಿಲ್ಲ. ಆದರೆ ಮುಂದಿನ ತಿಂಗಳು ಕಾಡಿಗೆ ಹೋಗಬೇಕು ಎಂಬ ಗುರಿ ಇದ್ದರೆ, ಅಮ್ಮ ಈ ವಾರ ಮಹಡಿ ಇಳಿಯುತ್ತಾರೆ. ಅಭ್ಯಾಸಕ್ಕೆ ವಡೋದರಾದವರಿಗೆ ಸಯಾಜಿ ಬಾಗ್ ಇದೆ, ಅಹಮದಾಬಾದಿನವರಿಗೆ ಗಾಂಧಿನಗರದ ಇಂದ್ರೋಡಾ ಉದ್ಯಾನ, ಸೂರತ್ತಿನವರಿಗೆ ತಾಪಿ ದಂಡೆಯ ಸರ್ಥಾಣಾ. ಮೊದಲ ವಾರ ಹತ್ತು ನಿಮಿಷ ನಡೆದರೂ ಸಾಕು.

*ಯಾವ ನಗರದವರಿಗೆ ಯಾವ ಕಾಡು*

ಸೂರತ್ತಿನವರು ಅದೃಷ್ಟವಂತರು. ವಾಂಸದಾ ರಾಷ್ಟ್ರೀಯ ಉದ್ಯಾನ ನವಸಾರಿ ಜಿಲ್ಲೆಯಲ್ಲಿ, ಅಂಬಿಕಾ ನದಿಯ ಪಕ್ಕದಲ್ಲಿದೆ. ಸಾಪುತಾರಾಕ್ಕೆ ಹೋಗುವ ದಾರಿ ಅಂದೆನಲ್ಲ, ಅದೇ. ಒಂದು ಕಾಲಕ್ಕೆ ಇದು ವಾಂಸದಾ ಮಹಾರಾಜರ ಸ್ವಂತ ಕಾಡು, 1979ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ವಿಸ್ತಾರ ಸುಮಾರು 24 ಚದರ ಕಿ.ಮೀ. ಅಷ್ಟೇ, ನಮ್ಮ ಬಂಡೀಪುರದ ಮುಂದೆ ಒಂದು ಮೂಲೆ. ಆದರೂ ಒಳಗೆ ಹೊಕ್ಕರೆ ನೆರಳು ದಟ್ಟ. ತೇಗ, ಬಿದಿರು, ದಪ್ಪ ಬಳ್ಳಿಗಳು. ಮಳೆ ಮುಗಿಯುವ ಹೊತ್ತಿಗೆ ಅಂಗೈಯಷ್ಟು ದೊಡ್ಡ ಜೇಡಗಳು ದಾರಿಯ ಮೇಲೆ ಬಲೆ ಕಟ್ಟಿರುತ್ತವೆ. ಮಕ್ಕಳು ಕಿರುಚುತ್ತಾರೆ, ಐದು ನಿಮಿಷದ ಮೇಲೆ ಅಲ್ಲಿಂದ ಕದಲುವುದಿಲ್ಲ. ಅವು ತಾವಾಗಿ ಮನುಷ್ಯರ ತಂಟೆಗೆ ಬರುವುದಿಲ್ಲ. ಒಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ವಘಾಯಿಯಲ್ಲಿ ವಿಚಾರಿಸಿ. ಅದೇ ವಘಾಯಿಯಲ್ಲಿ 24 ಹೆಕ್ಟೇರಿನ ಸಸ್ಯೋದ್ಯಾನವೂ ಇದೆ. ಗುಡ್ಡ ಹತ್ತಲಾರದ ಹಿರಿಯರಿಗೆ ಅದೇ ಸಾಕು.

ಕಾರಿನಲ್ಲಿ ಹೋಗಲಾಗದವರಿಗೆ ಒಂದು ಸಂತೋಷದ ವಿಷಯ. ಬಿಲಿಮೋರಾದಿಂದ ವಘಾಯಿಗೆ ಪುಟ್ಟ ನ್ಯಾರೋ ಗೇಜ್ ರೈಲು ಇದೆ. 63 ಕಿ.ಮೀ. ಹೋಗಲು ಮೂರು ಗಂಟೆಯಷ್ಟು ತೆಗೆದುಕೊಳ್ಳುತ್ತದೆ, ಗಾಯಕವಾಡ ರಾಜರ ಕಾಲದ್ದು. ಹೊರಡುವ ಮುಂಚೆ ಸಮಯ ಮಾತ್ರ ವಿಚಾರಿಸಿಕೊಳ್ಳಿ. ಮಂಡಿ ನೋವಿನವರಿಗೆ ಇದಕ್ಕಿಂತ ಒಳ್ಳೆಯ ಕಾಡಿನ ಪ್ರಯಾಣ ನನಗೆ ಗೊತ್ತಿಲ್ಲ.

ಡಾಂಗ್ ಜಿಲ್ಲೆಯ ಮಹಾಲ್, ವಘಾಯಿ ಹತ್ತಿರದ ಕಿಲಾಡ್, ತಾಪಿ ಜಿಲ್ಲೆಯ ಪದಮಡುಂಗರಿ, ಇಲ್ಲೆಲ್ಲ ಅರಣ್ಯ ಇಲಾಖೆಯ ಶಿಬಿರಗಳಿವೆ, ರಾತ್ರಿ ತಂಗಬಹುದು. ಊಟಕ್ಕೆ "ನಾಗಲಿ ರೊಟ್ಲಾ" ಸಿಕ್ಕರೆ ಬಿಡಬೇಡಿ. ನಾಗಲಿ ಎಂದರೆ ನಮ್ಮ ರಾಗಿಯೇ! ಡಾಂಗಿನ ಆದಿವಾಸಿಗಳ ದಿನದ ಊಟ ಅದು. ಉದ್ದಿನ ಬೇಳೆಯ ಜೊತೆ ಕೊಡುತ್ತಾರೆ. ಗುಜರಾತಿನಲ್ಲಿ ಎಲ್ಲವೂ ಸಿಹಿ ಎಂದು ದೂರುವ ನಮ್ಮ ಹಿರಿಯರು ಇದನ್ನು ಕೇಳಿ ಹಾಕಿಸಿಕೊಳ್ಳುತ್ತಾರೆ.

ವಡೋದರಾದವರಿಗೆ ಜಂಬುಘೋಡಾ ಅಭಯಾರಣ್ಯ, ಎಪ್ಪತ್ತು ಎಂಬತ್ತು ಕಿ.ಮೀ. ದೂರ, ಸುಮಾರು 130 ಚದರ ಕಿ.ಮೀ. ಕಡಾ ಎಂಬಲ್ಲಿನ ಕೆರೆಯ ಸುತ್ತ ಗುಡ್ಡ ಕಾಡು. ಬೆಳಗ್ಗೆ ಹೋಗಿ ಸಂಜೆ ಬರಬಹುದು. ದಾರಿಯಲ್ಲಿ ಪಾವಾಗಢ ಸಿಗುತ್ತದೆ, ಒಂದೇ ದಿನದಲ್ಲಿ ಎರಡನ್ನೂ ತುರುಕಬೇಡಿ. ಚಳಿಗಾಲದಲ್ಲಾದರೆ ದಭೋಯಿ ಹತ್ತಿರದ ವಢವಾಣಾ ಕೆರೆಗೆ ಹೋಗಿ ಹಕ್ಕಿ ನೋಡಬಹುದು.

ಅಹಮದಾಬಾದಿನವರಿಗೆ ಕಾಡು ಸ್ವಲ್ಪ ದೂರ. ಸಾಬರಕಾಂಠಾ ಜಿಲ್ಲೆಯ ವಿಜಯನಗರದ ಪೋಳೋ ಕಾಡು 150 ಕಿ.ಮೀ. ಆಚೆ ಇದೆ. ಹರಣಾವ್ ನದಿ, ಮರಗಳ ನಡುವೆ ಪಾಳು ಬಿದ್ದ ಹಳೆಯ ಶಿವ ಮತ್ತು ಜೈನ ಗುಡಿಗಳು. ನೆಲ ಹೆಚ್ಚು ಸಮತಟ್ಟು, ಹಿರಿಯರಿಗೆ ಅನುಕೂಲ. ರಜಾದಿನಗಳಲ್ಲಿ ಜನ ಜಾತ್ರೆಯಂತೆ ಸೇರುತ್ತಾರೆ, ಸಾಧ್ಯವಾದರೆ ವಾರದ ನಡುವೆ ಹೋಗಿ. ಅಷ್ಟು ದೂರ ಬೇಡ ಎಂದರೆ ಥೋಲ್ ಕೆರೆ ಮೂವತ್ತು ಕಿ.ಮೀ. ಆಸುಪಾಸು, ನಲಸರೋವರ ಅರವತ್ತು ಚಿಲ್ಲರೆ. ಅಲ್ಲಿ ಮರ ಕಡಿಮೆ, ಹಕ್ಕಿ ಹೆಚ್ಚು.

ಗಿರ್ ಮತ್ತು ವೆಳಾವದರ್ ಉದ್ಯಾನಗಳು ಜೂನ್ 16ರಿಂದ ಅಕ್ಟೋಬರ್ 15ರವರೆಗೆ ಮುಚ್ಚಿರುತ್ತವೆ. ಬೇರೆ ಕಡೆಗೂ ಮಳೆಗಾಲದಲ್ಲಿ ಹೊರಡುವ ಮುಂಚೆ ಕೇಳಿ ತಿಳಿದುಕೊಳ್ಳಿ.

*ಅಲ್ಲಿ ಏನು ಮಾಡುವುದು?*

ಸುಮ್ಮನೆ ನಡೆಯಿರಿ. ಸ್ಪೀಕರ್ ತರಬೇಡಿ. ಅರ್ಧ ಗಂಟೆ ನಡೆದು, ಅರ್ಧ ಗಂಟೆ ಕೂತುಕೊಳ್ಳಿ. ಹಿರಿಯರಿಗೆ ಮಡಚುವ ಕುರ್ಚಿ ಒಯ್ಯಿರಿ. ನೆಲದಲ್ಲಿ ಕೂತು ಏಳುವ ಭಯಕ್ಕೇ ಎಷ್ಟೋ ಅಮ್ಮಂದಿರು "ನಾ ಬರಲ್ಲ, ನೀವು ಹೋಗಿ ಬನ್ನಿ" ಅನ್ನುತ್ತಾರೆ. ಶೌಚಾಲಯ ಎಲ್ಲಿದೆ ಎಂದು ಮೊದಲೇ ವಿಚಾರಿಸಿ ಅವರಿಗೆ ಹೇಳಿ. ಬಾಯಿ ಬಿಟ್ಟು ಹೇಳದ ಎರಡನೇ ಭಯ ಅದು, ಅದಕ್ಕೆ ಹೆದರಿ ಬೆಳಗಿನಿಂದ ನೀರೇ ಕುಡಿದಿರುವುದಿಲ್ಲ.

ನಮ್ಮ ಅಮ್ಮ ಹಾವೇರಿ ಕಡೆಯವರು. ಅಪ್ಪ ಹೋದ ಮೇಲೆ ಇಲ್ಲಿಗೆ ಕರೆತಂದೆವು. ಒಂದು ವರ್ಷ ಹೆಚ್ಚು ಮಾತಿಲ್ಲ. ಜಂಬುಘೋಡಾದಲ್ಲಿ ಗಾಡಿ ಇಳಿದವರೇ ಒಂದು ಮರದ ಹತ್ತಿರ ಹೋಗಿ, "ಇದು ಮುತ್ತುಗ ಅಲ್ಲೇನು?" ಅಂದರು. ಎಲೆ ಕಿತ್ತು, ಕಡ್ಡಿ ಚುಚ್ಚಿ ಪತ್ರಾವಳಿ ಹಚ್ಚತೊಡಗಿದರು. ಪಕ್ಕದ ಹಳ್ಳಿಯ ಹೆಂಗಸೊಬ್ಬಳು ನಿಂತು ನೋಡಿ, ಕೂತು, ತಾನೂ ಒಂದು ಹಚ್ಚಿದಳು. ಇಬ್ಬರಿಗೂ ಒಬ್ಬರ ಭಾಷೆ ಒಬ್ಬರಿಗೆ ಬರುವುದಿಲ್ಲ. ಒಂದು ಗಂಟೆ ಮಾತಾಡಿದರು.

(ನಾಲ್ಕು ಎಲೆ ಕಿತ್ತಿದ್ದೂ ತಪ್ಪೇ. ಅಭಯಾರಣ್ಯದಲ್ಲಿ ಏನನ್ನೂ ಕೀಳುವಂತಿಲ್ಲ. ಆವತ್ತು ತಡೆಯಲು ನನಗೆ ಮನಸ್ಸಾಗಲಿಲ್ಲ. ನೀವು ಬಿದ್ದ ಎಲೆ ಆರಿಸಿಕೊಳ್ಳಿ.)

ಇಲ್ಲಿನ ಮರಗಳು ನಮ್ಮ ಬಯಲುಸೀಮೆ ಅಂಚಿನ ಕಾಡಿನವೇ. ಮುತ್ತುಗಕ್ಕೆ ಇಲ್ಲಿ ಖಾಖರೋ, ಅದರ ಹೂವಿಗೆ ಕೇಸುಡಾ ಅನ್ನುತ್ತಾರೆ. ತೇಗ ಇಲ್ಲಿ ಸಾಗ, ಹಿಪ್ಪೆ ಮಹುಡೋ, ಬೀಡಿ ಎಲೆಯ ತುಮರಿ ಟೀಮರು, ಬಿದಿರು ವಾಂಸ, ನೆಲ್ಲಿ ಆಂಬಳಾ. ಅಜ್ಜಿ ಕನ್ನಡದ ಹೆಸರು ಹೇಳಲಿ, ಮೊಮ್ಮಗ ಗುಜರಾತಿ ಹೆಸರು ಕೇಳಿಕೊಂಡು ಬರಲಿ. ಮನೆಯಲ್ಲಿ ಕನ್ನಡ ಮಾತಾಡದ ಹುಡುಗನಿಗೂ ಹತ್ತು ಕನ್ನಡ ಪದ ಬರುತ್ತದೆ.

*ಬಿಸಿಲು: ನನ್ನ ತಪ್ಪಿನಿಂದ ಕಲಿತದ್ದು*

ಈ ಭಾಗವನ್ನು ಬಿಡದೆ ಓದಿ. ಆ ಮೊದಲ ಪ್ರವಾಸ ಚೆನ್ನಾಯಿತೆಂದು ಮುಂದಿನ ವರ್ಷ ಏಪ್ರಿಲ್ ಕೊನೆಯಲ್ಲಿ, ಮಕ್ಕಳ ಪರೀಕ್ಷೆ ಮುಗಿದ ಕೂಡಲೇ ಹೊರಟೆವು. ತಲುಪುವಾಗ ಹನ್ನೊಂದು ಗಂಟೆ. ಮುಕ್ಕಾಲು ಗಂಟೆ ನಡೆದ ಮೇಲೆ ಅಮ್ಮ ಒಂದು ಕಲ್ಲಿನ ಮೇಲೆ ಕೂತರು. ವಾಕರಿಕೆ, ಕಾಲು ಸೆಳೆತ, ಮೈಯೆಲ್ಲ ತಣ್ಣನೆ ಬೆವರು, ಏಳಲು ಹೋದರೆ ಕಣ್ಣು ಕತ್ತಲೆ. ನೆರಳಲ್ಲಿ ಮಲಗಿಸಿ, ಕಾಲು ಎತ್ತರ ಇಟ್ಟು, ಒದ್ದೆ ಬಟ್ಟೆ ಹಾಕಿ, ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸಿದೆವು. ಉಳಿದರು. ಆಮೇಲೆ ವೈದ್ಯರು ಕೇಳಿದ ಮೊದಲ ಪ್ರಶ್ನೆ: "ಬಿಪಿಗೆ ಮೂತ್ರ ಹೆಚ್ಚು ಹೋಗುವ ಮಾತ್ರೆ ತಗೋತಾರಾ?" ತೆಗೆದುಕೊಳ್ಳುತ್ತಿದ್ದರು. ಔಷಧಿ ಅಂಗಡಿಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದ ನನಗೆ ಅದು ಹೊಳೆದಿರಲಿಲ್ಲ.

ಈ ಮಾತ್ರೆಗಳು ಮೈಯಿಂದ ನೀರು ಮತ್ತು ಉಪ್ಪನ್ನು ಹೊರಹಾಕುತ್ತವೆ, ಬಿಸಿಲಿನಲ್ಲಿ ಬೆವರೂ ಅದನ್ನೇ ಮಾಡುತ್ತದೆ. ಎರಡೂ ಸೇರಿದರೆ ರಕ್ತದೊತ್ತಡ ದಿಢೀರನೆ ಕುಸಿಯಬಹುದು. ಹಾಗೆಂದು ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಪ್ರವಾಸಕ್ಕೆ ಮುಂಚೆ ನಿಮ್ಮ ವೈದ್ಯರನ್ನು ಕೇಳಿ. ಹೃದಯ, ಮೂತ್ರಪಿಂಡದ ತೊಂದರೆ ಇರುವವರು ಎಷ್ಟು ನೀರು, ಎಷ್ಟು ಓಆರ್‌ಎಸ್ ಎಂಬುದನ್ನೂ ಕೇಳಿಕೊಳ್ಳಿ.

ಗುಜರಾತಿನ ಬೇಸಿಗೆಯನ್ನು ನಮ್ಮೂರ ಬೇಸಿಗೆಗೆ ಹೋಲಿಸಬೇಡಿ. ಅಹಮದಾಬಾದಿನಲ್ಲಿ 2010ರ ಮೇ ತಿಂಗಳಲ್ಲಿ ತಾಪ 46.8 ಡಿಗ್ರಿ ಮುಟ್ಟಿ, ಆ ತಿಂಗಳು ವಾಡಿಕೆಗಿಂತ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅದರ ನಂತರವೇ 2013ರಲ್ಲಿ ನಗರಪಾಲಿಕೆ ಬಿಸಿಲ ಮುನ್ನೆಚ್ಚರಿಕೆ ಯೋಜನೆ ಮಾಡಿತು. 2016ರಲ್ಲಿ ತಾಪ 48 ಡಿಗ್ರಿಗೂ ಹೋಯಿತು. ಎಲೆ ಉದುರಿದ ಕಾಡಿನಲ್ಲಿ ಏಪ್ರಿಲ್, ಮೇ ತಿಂಗಳು ನೆರಳೂ ಇರುವುದಿಲ್ಲ. ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿ. ಕೇಸುಡಾ ಹೂ ನೋಡಬೇಕೆಂದರೆ ಮಾರ್ಚ್ ಮೊದಲ ವಾರಗಳು, ಬೆಳಗ್ಗೆ ಹತ್ತರೊಳಗೆ ನಡಿಗೆ ಮುಗಿಯಬೇಕು.

ಓಆರ್‌ಎಸ್ ಪುಡಿ ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಹಾಕಿ. ದೊಡ್ಡ ಪ್ಯಾಕೆಟ್ ಆದರೆ ಒಂದು ಲೀಟರ್. ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಹಾದ ಚಮಚದ ಲೆಕ್ಕ. ಯಾರಾದರೂ ತೊದಲಿದರೆ, ಗೊಂದಲಕ್ಕೆ ಬಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಬಿಸಿಲಿನ ಆಘಾತ. ಬಾಯಿಗೆ ಏನೂ ಹಾಕಬೇಡಿ. ಮೈಗೆ ನೀರು ಸುರಿಯಿರಿ, ಗಾಳಿ ಬೀಸಿ, 108ಕ್ಕೆ ಕರೆ ಮಾಡಿ.

ಸಕ್ಕರೆ ಕಾಯಿಲೆಯವರು ಇನ್ಸುಲಿನ್ನನ್ನು ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಬಿಸಿಗೆ ಕೆಡುತ್ತದೆ. ಜೇಬಿನಲ್ಲಿ ಸಕ್ಕರೆ ಅಥವಾ ಗ್ಲುಕೋಸ್ ಇರಲಿ. ಚಪ್ಪಲಿ ಬೇಡ, ಮುಚ್ಚಿದ ಬೂಟು, ದಪ್ಪ ಕಾಲುಚೀಲ. ಮನೆಗೆ ಬಂದ ಮೇಲೆ ಪಾದ ನೋಡಿಕೊಳ್ಳಿ, ನಿಮಗೆ ಮುಳ್ಳು ಚುಚ್ಚಿದ್ದು ಗೊತ್ತಾಗದಿರಬಹುದು.

*ಹಾವು, ಉಣ್ಣೆ, ನೀರು*

ಹಾವು ಕಚ್ಚಿದರೆ ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ. ಉಂಗುರ, ಬಳೆ ತೆಗೆಯಿರಿ, ಕಚ್ಚಿದ ಕೈಕಾಲು ಅಲುಗದಂತೆ ಇಟ್ಟು ದೊಡ್ಡ ಆಸ್ಪತ್ರೆಗೆ ಒಯ್ಯಿರಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಔಷಧ. ಹಾವನ್ನು ಹಿಡಿದು ತರುವ ಸಾಹಸ ಬೇಡ. ಕಟ್ಟುಹಾವು ರಾತ್ರಿ ಮಲಗಿದವರನ್ನು ಕಚ್ಚುತ್ತದೆ, ನೋವೇ ಆಗದಿರಬಹುದು. ಆದ್ದರಿಂದ ಶಿಬಿರದಲ್ಲಿ ನೆಲದ ಮೇಲೆ ಮಲಗಬೇಡಿ, ಸೊಳ್ಳೆ ಪರದೆಯನ್ನು ಹಾಸಿಗೆಯಡಿ ಸಿಕ್ಕಿಸಿ. "ಸಾಪ್ ಕರಡ್ಯೋ ಛೆ" ಎಂಬ ಮಾತನ್ನು ಮನೆಯವರೆಲ್ಲ ಕಲಿತಿರಲಿ.

ಉಣ್ಣೆಯ ಬಗ್ಗೆ ಮಲೆನಾಡಿನವರಿಗೆ ಹೇಳಬೇಕಿಲ್ಲ. 1957ರಲ್ಲಿ ಕ್ಯಾಸನೂರಿನಲ್ಲಿ ಕಂಡ ಮಂಗನ ಕಾಯಿಲೆಯ ಹೆಸರು ಕೇಳಿಯೇ ಬೆಳೆದವರು. ಇಲ್ಲಿಯೂ ಉಣ್ಣೆಯಿಂದ ಹರಡುವ ಬೇರೊಂದು ರೋಗ, ಕ್ರಿಮಿಯನ್ ಕಾಂಗೋ ಜ್ವರ, 2011ರಲ್ಲಿ ಅಹಮದಾಬಾದ್ ಪಕ್ಕದ ಸಾಣಂದ್ ಭಾಗದಲ್ಲಿ ಬಂದಿತ್ತು. ಹೆದರಿ ಮನೆಯಲ್ಲಿ ಕೂರಬೇಕಿಲ್ಲ. ತುಂಬು ತೋಳಿನ ಅಂಗಿ, ಕಾಲುಚೀಲದೊಳಗೆ ತುರುಕಿದ ಪ್ಯಾಂಟು ಸಾಕು. ವಾಪಸಾದ ಕೂಡಲೇ ಸ್ನಾನ ಮಾಡಿ, ಮಕ್ಕಳ ಕಿವಿ ಹಿಂದೆ, ಕಂಕುಳು ನೋಡಿ. ಅಂಟಿಕೊಂಡಿದ್ದರೆ ಬರಿಗೈಯಲ್ಲಿ ಜಜ್ಜಬೇಡಿ, ಬೀಡಿ ಬೆಂಕಿ ತಾಗಿಸಬೇಡಿ. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ.

ಮಳೆಗಾಲದಲ್ಲಿ ಡಾಂಗ್ ಎಷ್ಟು ಹಸಿರೋ ಅಷ್ಟೇ ಮೋಸ. ವಘಾಯಿ ಹತ್ತಿರದ ಗಿರಾ ಜಲಪಾತವನ್ನು ದೂರದಿಂದಲೇ ನೋಡಿ, ಕಲ್ಲು ಜಾರುತ್ತದೆ, ನೀರು ಎಚ್ಚರಿಕೆ ಕೊಡದೆ ಏರುತ್ತದೆ. ಇನ್ನೊಂದು ಕಾರಣವೂ ಇದೆ. ಸೂರತ್, ನವಸಾರಿ, ವಲಸಾಡ್ ಕಡೆ ಮಳೆಗಾಲದಲ್ಲಿ ಇಲಿ ಜ್ವರ ಇರುತ್ತದೆ. ಇಲಿ, ದನಗಳ ಮೂತ್ರ ಬೆರೆತ ಕೆಸರಿನಿಂದ, ಕಾಲಿನ ಸಣ್ಣ ಗಾಯದ ಮೂಲಕ ಒಳಹೋಗುತ್ತದೆ. ಗಾಯ ಇದ್ದವರು ನಿಂತ ನೀರಿಗೆ ಬರಿಗಾಲಲ್ಲಿ ಇಳಿಯಬೇಡಿ.

ಕಾಡಿನಿಂದ ಬಂದು ಎರಡು ಮೂರು ವಾರದೊಳಗೆ ಜ್ವರ, ಮೈಕೈ ನೋವು ಬಂದರೆ ಪ್ಯಾರಾಸಿಟಮಾಲ್ ನುಂಗಿ ಸುಮ್ಮನಾಗಬೇಡಿ. ವೈದ್ಯರಿಗೆ "ಕಾಡಿಗೆ ಹೋಗಿದ್ದೆವು, ನೀರಿಗೆ ಇಳಿದಿದ್ದೆವು" ಎಂದು ಬಾಯಿ ಬಿಟ್ಟು ಹೇಳಿ. ಅವರಾಗಿ ಕೇಳಲಿಕ್ಕಿಲ್ಲ.

ಹೆಜ್ಜೇನು ಪಾಳು ಗುಡಿಗಳಲ್ಲಿ, ದೊಡ್ಡ ಮರಗಳಲ್ಲಿ ಕಟ್ಟಿರುತ್ತದೆ. ಅದರ ಕೆಳಗೆ ಹೊಗೆ, ಸೆಂಟು, ಕಲ್ಲು ಹೊಡೆಯುವ ಹುಡುಗರು, ಈ ಮೂರೂ ಇರಬಾರದು. ಹಿಪ್ಪೆ ಹೂ ಬೀಳುವ ಕಾಲದಲ್ಲಿ ಕರಡಿ ನಸುಕಿನಲ್ಲೇ ಮರದಡಿ ಬರುತ್ತದೆ, ಬೆಳಕು ಹರಿಯುವ ಮುಂಚೆ ಒಂಟಿಯಾಗಿ ಹೋಗಬೇಡಿ. ಸ್ಥಳೀಯ ಮಾರ್ಗದರ್ಶಿ ಸಿಕ್ಕರೆ ಕರೆದುಕೊಳ್ಳಿ, ಹಣಕ್ಕೆ ಚೌಕಾಸಿ ಮಾಡಬೇಡಿ.

ಕೊನೆಗೆ, ಹೊರಡುವ ಹಿಂದಿನ ರಾತ್ರಿ ಮಾಡಬೇಕಾದ ಒಂದು ಕೆಲಸ. ಒಂದು ಚೀಟಿಯಲ್ಲಿ ಅಮ್ಮನ ಹೆಸರು, ವಯಸ್ಸು, ಕಾಯಿಲೆ, ಮಾತ್ರೆಗಳ ಹೆಸರು, ನಿಮ್ಮ ಫೋನ್ ನಂಬರ್ ಬರೆಸಿ. ಕನ್ನಡದಲ್ಲಿ ಅಲ್ಲ, ಗುಜರಾತಿಯಲ್ಲಿ. ಪಕ್ಕದ ಮನೆಯವರು ಬರೆದುಕೊಡುತ್ತಾರೆ. ಅದನ್ನು ಅಮ್ಮನ ಪರ್ಸಿನಲ್ಲಿ ಇಡಿ, ಇನ್ನೊಂದು ಪ್ರತಿ ನಿಮ್ಮ ಹತ್ತಿರ. ಕಾಡಿನಲ್ಲಿ ಫೋನ್ ಸಿಗ್ನಲ್ ಹೋಗುತ್ತದೆ, ಅಮ್ಮನಿಗೆ ಭಾಷೆ ಬರುವುದಿಲ್ಲ, ಚೀಟಿ ಓದಲು ಯಾರಾದರೂ ಸಿಗುತ್ತಾರೆ.